ಪೂಜೆ ಮಾಡಿದ ಸೌಟು

ಆ ದಿನ ಆಯುಧ ಪೂಜೆ. ಹಬ್ಬವೆಂದು ಹೆಸರಷ್ಟೇ, ನಮ್ಮ ಪಾಲಿಗೆ ಅದು ತೊಳೆಯುವ ದಿನ. ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಗಂಡನದೊಂದು ಸಣ್ಣ ಫೌಂಡ್ರಿ ಇತ್ತು, ಈಗಲೂ ಇದೆ. ಹಳೆಯ ಅಲ್ಯೂಮಿನಿಯಂ ಪಾತ್ರೆ, ಒಡೆದ ಮೋಟಾರಿನ ತುಂಡು ಇಂಥವನ್ನು ಕರಗಿಸಿ, ಅಚ್ಚಿಗೆ ಸುರಿದು, ಪಂಪ್‌ಸೆಟ್ಟಿನ ಮುಚ್ಚಳ, ಬಾಗಿಲ ಹಿಡಿಕೆ ಮಾಡುವ ಕೆಲಸ. ವರ್ಷವೆಲ್ಲ ಮಸಿ ಹಿಡಿದಿರುವ ಶೆಡ್ಡನ್ನು ಆ ಒಂದು ದಿನ ಗೋಡೆಯಿಂದ ಇಕ್ಕಳದವರೆಗೆ ತೊಳೆಯುತ್ತಿದ್ದರು. ನಾನು ಸರಸ್ವತಿ ನಗರದ ಮನೆಯಿಂದ ಹೂವು, ವಿಭೂತಿ, ಕುಂಕುಮ, ಬೂದುಗುಂಬಳಕಾಯಿ ತೆಗೆದುಕೊಂಡು ಆಟೋದಲ್ಲಿ ಹೋದಾಗ ನನ್ನ ತಮ್ಮ ಪ್ಯಾಂಟು ಮೇಲೆ ಮಡಚಿ, ನೀರಿನ ಪೈಪು ಹಿಡಿದು ನಿಂತಿದ್ದ. ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಮರುವರ್ಷ ಅದು.

ತಮ್ಮ ಅಲ್ಲಿಯೇ ಕೆಲಸಕ್ಕಿದ್ದ. ಹರಿಹರದಲ್ಲಿ ಅವ್ವನ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದವನು ಅಪ್ಪ ತೀರಿದ ಮೇಲೆ ಮುಂದೆ ಓದಲಿಲ್ಲ. ಕಾಲೇಜು ನಿಂತರೂ ಮೂಲವಸ್ತುಗಳ ಹುಚ್ಚು ನಿಲ್ಲಲಿಲ್ಲ. ನನ್ನ ಅಡುಗೆಮನೆಗೆ ಬಂದರೆ ಬೆಂಕಿಪೊಟ್ಟಣ ಕೈಗೆತ್ತಿಕೊಂಡು, ಕಡ್ಡಿಯ ತಲೆಯಲ್ಲಿ ಗಂಧಕ, ಪೊಟ್ಟಣದ ಬದಿಯಲ್ಲಿ ರಂಜಕ, ಎರಡೂ ಬೇರೆ ಬೇರೆ ಇದ್ದಾಗ ಎಷ್ಟು ಸಾಧು ನೋಡು ಅನ್ನುತ್ತಿದ್ದ. ಬಲ್ಬು ಹಾಕಿದರೆ ಒಳಗಿನ ಎಳೆ ಟಂಗ್‌ಸ್ಟನ್, ಅಷ್ಟು ಕಾದರೂ ಕರಗದ ಲೋಹ ಇನ್ನೊಂದಿಲ್ಲ ಅನ್ನುತ್ತಿದ್ದ. ಎಸ್ಸೆಸ್ಸೆಲ್ಸಿಗೇ ಓದು ಮುಗಿಸಿದ ನನಗೆ ಅದರಲ್ಲಿ ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಒಗ್ಗರಣೆಯ ಸದ್ದಿಗೆ ಹೋಗುತ್ತಿತ್ತು.

ಆ ದಿನವೂ ಶುರು ಮಾಡಿದ. "ಅಕ್ಕ, ಈ ಬಕೆಟ್ಟಿಗೆ ಯಾಕ ತುಕ್ಕು ಹಿಡಿದಿಲ್ಲ ಹೇಳು."

"ಸುಮ್ನೆ ತೊಳಿ."

"ಒಳಗೆ ಕಬ್ಬಿಣ, ಮೇಲೆ ಸತು ಹಚ್ಚ್ಯಾರೆ. ಕಬ್ಬಿಣಕ್ಕೆ ಬರೋ ಏಟೆಲ್ಲ ಮೊದಲು ಸತು ತಿಂತೈತೆ."

ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ಅಂದ: "ನಿನ್ನಂಗಲ್ಲ ಅನ್ನು. ನೀನು ಊಟ ಒಂದೇ ತಿನ್ನೋದು."

"ಊಟ ಅಕ್ಕ ಹಾಕ್ತಾಳೆ ಮಾಮ, ಏಟು ನೀವು ಹಾಕ್ತೀರಿ. ನಾನು ಯಾವುದಕ್ಕೂ ಒಲ್ಲೆ ಅಂದಿಲ್ಲಲ್ಲ."

ಅಚ್ಚು ಮಾಡುವ ಹಿರಿಯರೊಬ್ಬರಿದ್ದರು, ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಅವರು ಮರಳಿನ ಪೆಟ್ಟಿಗೆಯ ಹಿಂದಿನಿಂದ ನಕ್ಕರು. ನನ್ನ ಗಂಡ ನಗಲಿಲ್ಲ. ಅವನ ಎದುರಿಗೆ ನಾನು ಇವತ್ತಿಗೂ "ನೀವು" ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೈಯಿಂದ ಬರುತ್ತಿಲ್ಲ.

ಎರಕದ ಸೌಟು ಅಂದರೆ ಅಡುಗೆಮನೆಯದಲ್ಲ. ದೊಡ್ಡ ಚೊಂಬಿನಷ್ಟು ಹಿಡಿಸುವ ಕಬ್ಬಿಣದ ಬಟ್ಟಲು, ಅದಕ್ಕೆ ಬೆಸುಗೆ ಹಾಕಿದ ಉದ್ದನೆಯ ಕೊಳವೆಯ ಹಿಡಿ. ಅದನ್ನು ಕರಗಿದ ಲೋಹಕ್ಕೆ ಇಳಿಸಿ, ತುಂಬಿ, ಅಚ್ಚಿಗೆ ಸುರಿಯಬೇಕು. ತಮ್ಮ ಅದನ್ನು ಸೋಪು ಹಾಕಿ ತಿಕ್ಕಿ, ಕೊಳವೆಯೊಳಗೂ ನೀರು ಬಿಟ್ಟು ತೊಳೆದ. ನನ್ನ ಗಂಡ ತಾನೇ ಎದ್ದು ವಿಭೂತಿಯನ್ನು ನೀರಿನಲ್ಲಿ ಕಲಸಿ, ಬಟ್ಟಲಿನ ಹೊರಮೈಗೆ ಮೂರು ಬೆರಳು ದಪ್ಪಗೆ ಎಳೆದು, ನಡುವೆ ಕುಂಕುಮವಿಟ್ಟು, ಬೆಸುಗೆಯ ಹತ್ತಿರ ಸೇವಂತಿಗೆ ದಂಡೆ ಸುತ್ತಿದ. ಪೂಜೆಯಾದ ಮೇಲೆ ಮರುದಿನದ ಮೊದಲ ಎರಕದವರೆಗೆ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ, ಅದು ಶೆಡ್ಡಿನ ಪದ್ಧತಿ. ಸಾಯಂಕಾಲ ಎಲ್ಲರೂ ಮಂಡಕ್ಕಿ ತಿಂದೆವು. ತಮ್ಮ ಅವ್ವನಿಗೆಂದು ಹೋಳಿಗೆ ಕಟ್ಟಿಸಿಕೊಂಡು ಬಸ್ಸಿಗೆ ಹೋದ. ನೆನಪಿಟ್ಟುಕೊಳ್ಳಬೇಕಾದದ್ದು ಆ ದಿನ ಏನೂ ನಡೆಯಲಿಲ್ಲ.

ಮರುದಿನ ವಿಜಯದಶಮಿ. ಅಯ್ಯನವರು ಹೇಳಿದ ಗಳಿಗೆಯಲ್ಲಿ ಮೊದಲ ಎರಕ ಹೊಯ್ದರೆ ವರ್ಷವೆಲ್ಲ ಕೆಲಸ ಇರುತ್ತದೆಂದು ನನ್ನ ಗಂಡನ ನಂಬಿಕೆ. ನಾನು ಆರತಿ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಒಲೆಯಲ್ಲಿ ಲೋಹ ಕರಗಿ ತೆಳ್ಳಗೆ ಹೊಳೆಯುತ್ತಿತ್ತು. ಬೇರೆ ದಿನಗಳಲ್ಲಾದರೆ ಸೌಟನ್ನು ಮೊದಲು ಒಲೆಯ ಬಾಯಿಗೆ ಹಿಡಿದು ಚೆನ್ನಾಗಿ ಕಾಯಿಸುತ್ತಾರೆ. ಪಸೆ ಎಲ್ಲ ಹೋದ ಮೇಲೆಯೇ ಇಳಿಸುವುದು. ಇದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚು ಯಜಮಾನನಿಗೆ ಗೊತ್ತಿತ್ತು. ತಮ್ಮ ಸೌಟನ್ನು ಬೆಂಕಿಯ ಕಡೆಗೆ ತಿರುಗಿಸಿದ.

"ಏಯ್, ಪೂಜೆ ಮಾಡಿದ ಸೌಟದು," ಎಂದ ನನ್ನ ಗಂಡ. "ಹಬ್ಬದ ದಿನ ಕುಂಕುಮ ಹೂವು ಸುಡ್ತೀಯಾ? ಕಾಯಿಸಬ್ಯಾಡ. ಹಂಗೇ ಇಳಿಸು."

"ಹಸಿ ಐತೆ ಮಾಮ."

"ನಿನ್ನೆ ತೊಳೆದಿದ್ದು ಇವತ್ತು ಎಲ್ಲಿ ಹಸಿ? ಗಳಿಗೆ ಹೋಗ್ತೈತೆ. ಇಳಿಸು ಅಂದೆ."

ತಮ್ಮ ಒಮ್ಮೆ ಚಾಚಾನ ಕಡೆ ನೋಡಿದ. ಚಾಚಾ ಅಚ್ಚಿನ ಕಡೆ ನೋಡಿದರು. ತಮ್ಮ ಸೌಟು ಇಳಿಸಿದ.

ಸದ್ದಿಗೆ ಮೇಲಿನ ತಗಡು ಕಿತ್ತುಹೋಯಿತು. ಒಲೆಯಲ್ಲಿದ್ದ ಲೋಹವೆಲ್ಲ ಎದ್ದು ಅವನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ, ಆಮೇಲೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಅವನು ಇನ್ನೂ ಉಸಿರಾಡುತ್ತಿರುವಾಗಲೇ ಆಸ್ಪತ್ರೆಯ ವರಾಂಡದಲ್ಲಿ ಪೊಲೀಸಿನವರು ನನ್ನ ಗಂಡನನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಹುಡುಗ ಅವಸರ ಮಾಡಿದ ಸಾರ್. ಕಾಯಿಸಿ ಇಳಿಸ್ಬೇಕು ಅಂತ ದಿನಾ ಹೇಳ್ತಿದ್ದೆ. ಕೇಳ್ಲಿಲ್ಲ."

"ಅವತ್ತು ಕಾಯಿಸಬ್ಯಾಡ ಅಂದೋರು ಯಾರು?" ಎಂದೆ ನಾನು.

ನನ್ನ ಗಂಡ ನನ್ನನ್ನು ನೋಡಲಿಲ್ಲ. ಪೊಲೀಸಿನವರಿಗೇ ಹೇಳಿದ: "ಒಡಹುಟ್ಟಿದ ತಮ್ಮ. ಸಂಕಟಕ್ಕೆ ಏನೇನೋ ಅಂತಾಳೆ. ಮನಸ್ಸಿಗೆ ತಗೋಬ್ಯಾಡ್ರಿ."

ಅವರು ತಗೊಳ್ಳಲಿಲ್ಲ. ದಿನಾ ಕಾಯಿಸು ಅನ್ನುತ್ತಿದ್ದದ್ದು ನಿಜ. ಆ ನಿಜವನ್ನೇ ಹೊದಿಸಿ ಸುಳ್ಳನ್ನು ಮುಚ್ಚಿದ.

ಹರಿಹರದಲ್ಲಿ ಮಣ್ಣು ಮಾಡಿದೆವು. ಅಂಗಳದಲ್ಲಿ ಕೂತ ಜನರ ಬಾಯಲ್ಲಿ ಆ ಮಾತು ಆಗಲೇ ಓಡಾಡುತ್ತಿತ್ತು. ಒಳ್ಳೇ ಹುಡುಗ, ಅವಸರ ಜಾಸ್ತಿ. ಸಣ್ಣವನಿದ್ದಾಗಿಂದ ಹಂಗೇ. ಹೊಳೆಗೆ ಇಳಿಯುವಾಗಲೂ ಅವಸರ. ಒಂದು ಬೆಂಕಿಕಡ್ಡಿಯನ್ನೂ ತಿರುಗಿಸಿ ನೋಡದೆ ಗೀರದವನ ಬಗ್ಗೆ ಈ ಮಾತು. ನಾನು ಎದ್ದು, "ಅವಸರ ಮಾಡಿದ್ದು ಅವನಲ್ಲ, ನಿಮ್ಮ ಜೊತೆ ಕೂತು ಚಹಾ ಕುಡೀತಿದ್ದಾರಲ್ಲ, ಅವರು" ಎಂದೆ. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಬಾಯಿ ಮುಚ್ಚು. ಮಗ ಹೋದ. ಇನ್ನು ಮಗಳ ಮನೀನೂ ಹೋಗ್ಲಾ?"

"ಅವರೇ ಹೇಳಿದ್ದವ್ವ. ನನ್ನ ಕಿವಿಯಾರೆ ಕೇಳೀನಿ."

"ನೀನು ಕೇಳಿದ್ದು ನಿನ್ನ ಹತ್ರ ಇರ್ಲಿ. ಅಳಿಯಂದ್ರು ತಮ್ಮ ಬಾಯಿಂದ ಹೇಳಿದ್ರೆ ನಂಬ್ತೀನಿ. ಇಲ್ಲಾಂದ್ರೆ ನನ್ನ ಮಗಾನೇ ಅವಸರ ಮಾಡಿದ ಅಂದ್ಕಂಡು ಸಾಯ್ತೀನಿ. ಅದು ಸುಲಭ ಐತೆ ನಂಗೆ."

ಅವ್ವನ ಮೇಲೆ ನನಗೆ ಆ ದಿನ ಬಂದ ಸಿಟ್ಟು ಗಂಡನ ಮೇಲೆ ಬಂದದ್ದಕ್ಕಿಂತ ಕಡಿಮೆಯದಲ್ಲ. ಆದರೆ ಏನು ಬೇಕು ಅನ್ನುವುದು ಅಲ್ಲಿ ಗೊತ್ತಾಯಿತು. ನನಗೆ ಪರಿಹಾರ ಬೇಡ, ಕೋರ್ಟು ಬೇಡ. ಕಾಯಿಸಬೇಡ ಎಂದವನು ತಾನು ಎಂದು ಅವನು ಅವ್ವನ ಮುಂದೆ ಹೇಳಬೇಕು. ಅವ್ವ ತನ್ನ ಮಗನನ್ನು ಬೈದುಕೊಳ್ಳದೆ ನೆನೆಯುವಂತಾಗಬೇಕು.

ಹರಿಹರದಿಂದ ಬರುವಾಗ ತಮ್ಮನ ಪಿಯುಸಿ ರಸಾಯನಶಾಸ್ತ್ರದ ಪುಸ್ತಕವನ್ನೂ ಗೋಡೆಗೆ ಅಂಟಿಸಿದ್ದ ಮೂಲವಸ್ತುಗಳ ಪಟವನ್ನೂ ತಂದೆ. ಪಟವನ್ನು ನಮ್ಮ ಊಟದ ಕೋಣೆಯಲ್ಲಿ, ನನ್ನ ಗಂಡ ಕೂರುವ ಜಾಗದ ಎದುರಿನ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಪುಸ್ತಕವನ್ನು ಮಧ್ಯಾಹ್ನದ ಹೊತ್ತು ಓದುತ್ತಿದ್ದೆ. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ನಾನು ಹುಡುಕುತ್ತಿದ್ದದ್ದು ಅಲ್ಯೂಮಿನಿಯಂ.

ನಾವು ತುಳಿಯುವ ಕೆಂಪು ಮಣ್ಣಿನಲ್ಲೂ ಅದು ಇದೆಯಂತೆ. ಭೂಮಿಯ ಹೊರಪದರದಲ್ಲಿ ಆಮ್ಲಜನಕ, ಸಿಲಿಕಾನ್ ಬಿಟ್ಟರೆ ಹೆಚ್ಚು ಇರುವುದು ಇದೇ. ಹಗುರ, ಬೇಗ ಕಾಯುತ್ತದೆ, ಅದಕ್ಕೇ ಪಾತ್ರೆಗೆ, ಕರೆಂಟಿನ ತಂತಿಗೆ, ವಿಮಾನದ ಮೈಗೆ ಅದನ್ನು ಬಳಸುವುದು. ಕಬ್ಬಿಣದ ಹಾಗೆ ತುಕ್ಕು ಹಿಡಿದು ಉದುರುವುದಿಲ್ಲ. ಹಿಡಿಯದಿರುವುದಕ್ಕೆ ಕಾರಣ ಅದು ಸಾಧು ಎಂದಲ್ಲ. ಗಾಳಿ ತಾಗಿದ ಕೂಡಲೇ ಆಮ್ಲಜನಕವನ್ನು ಕಸಿದುಕೊಂಡು ಮೈಮೇಲೆ ತೆಳ್ಳನೆಯ ಪೊರೆ ಮಾಡಿಕೊಳ್ಳುತ್ತದೆ, ಆ ಪೊರೆ ಒಳಗಿನದನ್ನು ಕಾಯುತ್ತದೆ. ಕರಗಿ ಕೆಂಡದಂತಾದಾಗ ನೀರು ಸಿಕ್ಕರೆ ನೀರಿನೊಳಗಿನ ಆಮ್ಲಜನಕವನ್ನೂ ಕಿತ್ತುಕೊಂಡು ಜಲಜನಕವನ್ನು ಹೊರಗೆ ಹಾಕುತ್ತದೆ. ಜಲಜನಕ ಹತ್ತಿ ಉರಿಯುವ ಅನಿಲ. ಅದು ಹಾಗಿರಲಿ, ಬರೀ ನೀರೇ ಸಾಕು. ಲೋಹದ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಒಮ್ಮೆಲೇ ಆವಿಯಾದರೆ ಅದಕ್ಕೆ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು, ಆ ಜಾಗವನ್ನು ಅದು ಮೇಲಿನ ಲೋಹವನ್ನು ಎಸೆದು ಮಾಡಿಕೊಳ್ಳುತ್ತದೆ. ಕೊಳವೆಯೊಳಗೆ ಉಳಿದ ನೀರು, ದಪ್ಪಗೆ ಎಳೆದ ವಿಭೂತಿಯಲ್ಲಿನ ಪಸೆ. ಅಷ್ಟೇ ಬೇಕಾದದ್ದು. ಪಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಅವಸರ ಎಂಬ ಹೆಸರಿನ ಮೂಲವಸ್ತು ಅದರಲ್ಲಿರಲಿಲ್ಲ.

ಮನೆಯಲ್ಲಿದ್ದ ಅಲ್ಯೂಮಿನಿಯಂ ಬೋಗಣಿ, ಕುಕ್ಕರು, ಇಡ್ಲಿ ತಟ್ಟೆ ಎಲ್ಲವನ್ನೂ ಅಂಗಳಕ್ಕೆ ತಂದು ಹಾಕಿದೆ. ಗಂಡ ಸಂಜೆ ಬಂದು ನೋಡಿದ.

"ಇದೇನು, ಗುಜರಿ ಅಂಗಡಿ ಇಟ್ಟೀಯಾ?"

"ನಿಮ್ಮ ಒಲೆಗೆ ಒಯ್ದು ಹಾಕ್ರಿ. ಹುಳಿ, ಉಪ್ಪು ಬಿದ್ರೆ ಅದು ಸವೀತೈತೆ, ಸಾರಿನಾಗೆ ಬರ್ತೈತೆ. ನಾನು ಇದ್ರಾಗೆ ಮಾಡಲ್ಲ."

"ಇದನ್ನೇ ಮಾರಿ ಅಕ್ಕಿ ತರೋದು. ಇದ್ರಾಗೆ ಅನ್ನ ಮಾಡಲ್ಲ ಅಂತಾಳೆ ನೋಡು. ಇಷ್ಟು ವರ್ಷ ತಿಂದೀವಿ, ಸತ್ತೀವಾ?"

"ನೀವು ಸತ್ತಿಲ್ಲ."

ಅವನು ಆ ರಾತ್ರಿ ಊಟ ಮಾಡಲಿಲ್ಲ. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆಮೇಲೆ ನಮ್ಮ ಮನೆಯಲ್ಲಿ ಮಾತೆಂದರೆ ಇದೇ ಆಯಿತು. ಸಾರಿಗೆ ಉಪ್ಪು ಕಮ್ಮಿ ಐತೆ ಎಂದರೆ, "ಸೋಡಿಯಂ ನೀರಿಗೆ ಬಿದ್ರೆ ಹತ್ತಿ ಉರೀತೈತೆ. ಕ್ಲೋರಿನ್ ಕುಡಿದ್ರೆ ಉಸಿರು ಕಟ್ಟಿ ಸಾಯ್ತಾರೆ. ಎರಡೂ ಕೂಡಿದ್ದೇ ಉಪ್ಪು. ಎಷ್ಟು ಹಾಕ್ಲಿ?" ಎನ್ನುತ್ತಿದ್ದೆ. ಎಲೆಯಡಿಕೆಗೆ ಸುಣ್ಣ ಕೇಳಿದರೆ ಕ್ಯಾಲ್ಸಿಯಂ ಎಂದು ಡಬ್ಬಿ ಮುಂದಿಡುತ್ತಿದ್ದೆ. ನೆಂಟರಿಷ್ಟರು ಬಂದಾಗಲೂ ಬಿಡಲಿಲ್ಲ. ಜ್ವರ ನೋಡುವ ಕಡ್ಡಿಯಲ್ಲಿ ಪಾದರಸ, ಅದೊಂದೇ ಮನೆಯ ಶಾಖಕ್ಕೂ ಕರಗಿ ಹರಿದಾಡುವ ಲೋಹ ಎಂದರೆ, ಬಂದವರು ನನ್ನ ಮುಖ ನೋಡಿ ಚಹಾ ಬೇಗ ಮುಗಿಸುತ್ತಿದ್ದರು. ನನ್ನ ಗಂಡ ಅವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ, ತಲೆ ಸರಿಯಿಲ್ಲ ಎಂದು. ಒಮ್ಮೆ ಬಾಯಿಬಿಟ್ಟೇ ಕೇಳಿದ.

"ಯಾರಿಗೆ ಪಾಠ ಹೇಳ್ತೀಯ? ನಿನ್ನ ತಮ್ಮ ಹೇಳಿ ಹೇಳಿ ಹೋದ, ಈಗ ನೀನಾ?"

"ಅವನು ಪಾಠ ಹೇಳಿ ಹೋಗ್ಲಿಲ್ಲ. ಹಸಿ ಐತೆ ಅಂತ ಹೇಳಿ ಹೋದ. ಅದಕ್ಕೆ ನೀವು ಏನಂದ್ರಿ, ಅದನ್ನ ಹೇಳ್ರಿ. ಪಟ ನಾನೇ ಕಿತ್ತು ಹಾಕ್ತೀನಿ."

ಅವನು ಪಟದ ಕಡೆ ನೋಡುತ್ತಾ ಕೈ ತೊಳೆದುಕೊಂಡು ಎದ್ದ. ತಾನು ಕಿತ್ತು ಹಾಕಬಹುದಿತ್ತು. ಹಾಕಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವನ ಬಗ್ಗೆ ಕನಿಕರ ಬರುವಂಥ ಉತ್ತರ ನನಗೆ ಬೇಕಿರಲಿಲ್ಲ.

ಚಾಚಾ ಆ ಶೆಡ್ಡು ಬಿಟ್ಟು ಬೇರೆ ಫೌಂಡ್ರಿಗೆ ಹೋಗಿದ್ದರು. ಮನೆ ವಿಚಾರಿಸಿಕೊಂಡು ಒಂದು ಶುಕ್ರವಾರ ಹೋದೆ. ಅವರ ಹೆಂಡತಿ ಮಣೆ ಹಾಕಿದರು. ನಾನು ಕೂರಲಿಲ್ಲ.

"ಕೂಡ್ರಿ ಅಕ್ಕೋರೆ. ನಿಂತು ಬೈಯಬ್ಯಾಡ್ರಿ, ಕೂತು ಬೈರಿ."

"ಅವತ್ತು ಅವನು ನಿಮ್ಮ ಕಡೆ ನೋಡಿದ. ನೀವು ಯಾಕ ಬ್ಯಾಡ ಅನ್ಲಿಲ್ಲ?"

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. "ನಿಮ್ಮ ಪೂಜೆ, ಸೌಕಾರ್ರ ಹುಕುಂ. ನಾನು ಸಾಬ, ನಡುವೆ ಬಾಯಿ ಹಾಕಿದ್ರೆ, ನಮ್ಮ ಹಬ್ಬಕ್ಕೆ ಅಡ್ಡ ಬಂದ ಅಂತಾರೆ ಅಂದ್ಕಂಡೆ. ಅಷ್ಟು ಅಂದ್ಕೊಳ್ಳೋದ್ರಾಗೆ ಮುಗೀತು."

"ಈಗ ಹೇಳ್ರಿ ಮತ್ತೆ. ನಮ್ಮವ್ವನ ಮುಂದೆ."

ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಮುಂದಿನ ವಾರದ ರಜೆಯಲ್ಲಿ ನನ್ನ ಜೊತೆ ಹರಿಹರದ ಬಸ್ಸು ಹತ್ತಿ, ಅವ್ವನ ಪಡಸಾಲೆಯಲ್ಲಿ ಕೂತು, ನಡೆದದ್ದನ್ನು ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಚಹಾ ಕೊಟ್ಟಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಕೆಲಸ ಬಿಟ್ಟೋರು ಯಜಮಾನನ ಬಗ್ಗೆ ಒಳ್ಳೇದು ಹೇಳ್ತಾರಾ? ನೀನು ಕರ್ಕಂಡು ಬಂದೆ, ಅವರು ಹೇಳಿದ್ರು."

"ಯಾರು ಹೇಳಿದ್ರೆ ನಿನಗೆ ಸಾಕು ಹಂಗಾರೆ?"

"ಹೇಳೀನಲ್ಲ ಆಗಲೇ. ನಿನ್ನ ಗಂಡ."

ಬಸ್ಸಿನಲ್ಲಿ ವಾಪಸು ಬರುವಾಗ ತಮ್ಮ ಈಜುತ್ತಿದ್ದ ಹೊಳೆಯ ಕಡೆ ನೋಡಲಿಲ್ಲ.

ವರ್ಷ ತಿರುಗಿ ಮತ್ತೆ ವಿಜಯದಶಮಿ ಬಂತು. ಶೆಡ್ಡಿಗೆ ನೀನು ಬರಬೇಡ ಎಂದ ಗಂಡ. ಹೋದೆ. ಮೇಲಿನ ತಗಡು ಹೊಸದಾಗಿತ್ತು, ಸೌಟೂ ಹೊಸದು. ಹಿಂದಿನ ದಿನ ಅದನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವು ಸುತ್ತಿ ಪೂಜೆ ಮಾಡಿದ್ದರು, ಏನೂ ಬದಲಾಗಿರಲಿಲ್ಲ. ಅಯ್ಯನವರು ಗಳಿಗೆ ಬಂತೆಂದರು. ಹೊಸದಾಗಿ ಸೇರಿದ ಕೆಲಸಗಾರ ಸೌಟಿಗೆ ಕೈ ಹಾಕಿದ. ನನ್ನ ಗಂಡ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಸೌಟು ಎತ್ತಿದ. ಎತ್ತಿ, ಒಲೆಯ ಬಾಯಿಗೆ ಹಿಡಿದ.

ಸೇವಂತಿಗೆ ಮೊದಲು ಕಪ್ಪಾಯಿತು. ಕುಂಕುಮ ಹೊಗೆಯಾಡಿತು. ವಿಭೂತಿ ಬಿರಿದು ಉದುರಿತು. ಅಯ್ಯನವರು ಏನೋ ಹೇಳಲು ಬಂದವರು ಅವನ ಮುಖ ನೋಡಿ ಹಿಂದೆ ಸರಿದರು. ಬೇಕಾದದ್ದಕ್ಕಿಂತ ಎಷ್ಟೋ ಹೊತ್ತು ಹಿಡಿದೇ ಇದ್ದ. ನಾನು ಹತ್ತಿರ ಹೋದೆ.

"ಹೋದ ವರ್ಷ ಇದೇ ಕೆಲಸ ಅವನು ಮಾಡಕ್ಕೆ ಹೋಗಿದ್ದ."

"ಕೆಲಸದ ಹೊತ್ತಿನಾಗೆ ಮಾತಾಡಬ್ಯಾಡ. ದೂರ ನಿಲ್ಲು."

"ಈಗ ಹೂವು ಸುಟ್ರೆ ಪರ್ವಾಗಿಲ್ವಾ?"

ಸೌಟು ಇಳಿಸಿದ. ಸದ್ದಿಲ್ಲದೆ ತುಂಬಿತು. ಅಚ್ಚಿಗೆ ಸುರಿದ. ಎಲ್ಲರೂ ಕೈ ಮುಗಿದರು. ತಪ್ಪು ಅವನಿಗೆ ಗೊತ್ತಿದೆ ಎಂದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರೂ ನೋಡಿದರು, ಯಾರೂ ಅದನ್ನು ಮಾತಿನಲ್ಲಿ ಕೇಳಲಿಲ್ಲ. ಕೈ ಒಪ್ಪಿದ್ದನ್ನು ಹರಿಹರಕ್ಕೆ ಒಯ್ದು ಅವ್ವನಿಗೆ ತೋರಿಸುವುದು ಹೇಗೆ?

ಸಂಜೆ ಬನ್ನಿ ಕೊಡುವ ಹೊತ್ತಿಗೆ ಅವನು ನನ್ನ ಮುಂದೆ ಬಂದು ನಿಂತ. ನಮ್ಮ ಕಡೆ ಅವತ್ತು ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಹಳೆಯ ಜಗಳ ಬಿಟ್ಟು, ಬಂಗಾರದಂಗೆ ಇರೋಣ ಅನ್ನುತ್ತಾರೆ. ಅಂಗೈಯಲ್ಲಿ ಎಲೆ ಚಾಚಿದ.

"ತಗೋ. ಸಾಕಿನ್ನು."

"ಬಂಗಾರ ಯಾವುದರ ಜೊತೆಗೂ ಬೇಗ ಕೂಡಲ್ಲಂತೆ. ನೀರಿಗೂ ಕೂಡಲ್ಲ, ಗಾಳಿಗೂ ಕೂಡಲ್ಲ. ಅದಕ್ಕೇ ಕೆಡಲ್ಲ."

"ಅದನ್ನ ಬಿಡು. ತಗೋ."

"ನಡ್ರಿ ಹರಿಹರಕ್ಕೆ. ಅವ್ವಗೆ ಹೇಳ್ರಿ. ಅಲ್ಲೇ ತಗೋತೀನಿ."

"ಹೇಳಿದ್ರೆ ಅವನು ಎದ್ದು ಬರ್ತಾನಾ?"

"ಅವನು ಬರಲ್ಲ. ಅವನ ಮೇಲೆ ಹಾಕಿದ್ದು ಹೋಗ್ತೈತೆ."

ಗಂಡನ ತುಟಿ ಅಲ್ಲಾಡಿದ್ದನ್ನು ನೋಡಿದೆ, ಅದು ಸುಳ್ಳಲ್ಲ. "ನಿಮ್ಮವ್ವ ನನ್ನ ಮುಖ ನೋಡಲ್ಲ ಆಮೇಲೆ," ಎಂದ. ಎಲೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದ. ಕಾಯಿಸಿಯೇ ಇಳಿಸುವ ಪದ್ಧತಿ ಮಾತ್ರ ಅವತ್ತಿನಿಂದ ಶೆಡ್ಡಿನಲ್ಲಿ ಖಾಯಂ ಆಯಿತು, ಹಬ್ಬವಿರಲಿ ಬಿಡಲಿ. ಬೇರೆಯವರ ಮಕ್ಕಳು ಅದರಿಂದ ಬದುಕಿರಬಹುದು. ಅದಕ್ಕೆ ಅವನಿಗೆ ನಾನು ಕೃತಜ್ಞಳಲ್ಲ.

ನಾನು ಅವನ ಜೊತೆಗೇ ಇದ್ದೇನೆ. ರೊಟ್ಟಿ ತಟ್ಟುತ್ತೇನೆ, ಅಂಗಿ ಒಗೆಯುತ್ತೇನೆ. ಅವ್ವ ತೀರಿಕೊಂಡಳು, ಕೊನೆಯ ದಿನಗಳಲ್ಲೂ ಮಗನನ್ನು ನೆನೆದಾಗೆಲ್ಲ, ಅಷ್ಟು ಅವಸರ ಯಾಕ ಮಾಡಿದ್ಯಪ್ಪ ಎಂದೇ ಅತ್ತಳು. ಅಳಿಯ ಆಗ ಅವಳ ತಲೆದಿಂಬಿನ ಹತ್ತಿರ ಕೂತಿದ್ದ, ನೀರು ಕುಡಿಸಿದ. ಹರಿಹರದ ಹಳಬರು ಇವತ್ತಿಗೂ ನನ್ನ ತಮ್ಮನನ್ನು ಅವಸರ ಮಾಡಿ ಸತ್ತ ಹುಡುಗ ಎಂದೇ ಗುರುತಿಸುತ್ತಾರೆ. ಕಾಯಿಸಬೇಡ ಎಂದದ್ದು ನಾನು ಎಂಬ ಮಾತು ನನ್ನ ಗಂಡನ ಬಾಯಿಂದ ಇನ್ನೂ ಬಂದಿಲ್ಲ.